ಭಾವನ ಟ್ರೈನಿಂಗ್ ಸೆಂಟರ್

ಅಕ್ಕಾ,

ಕ್ಷೇಮವಾಗಿ ತಲುಪಿದ್ದೇವೆ, ಆದರೆ ತಲುಪಬೇಕಾದ ಜಾಗಕ್ಕಲ್ಲ. "ಕಣ್ಮುಚ್ಕೊಂಡು ನಂಬಿ" ಎಂದು ಭಾವ ಕೊಟ್ಟ ಜಿಪಿಎಸ್ ಡಬ್ಬಿ ನಮ್ಮನ್ನು ಒಂದೇ ಬೀದಿಯಲ್ಲಿ ಮೂರು ಸಲ ಸುತ್ತಿಸಿತು. ಕೊನೆಗೆ ಬೀದಿ ಗುಡಿಸುವವಳು ಪೊರಕೆ ಎತ್ತಿ ಟಾಟಾ ಮಾಡಿದಳು. ಇವರು ರೇಗಿ, ಭಾವ ಅದರಲ್ಲಿ ಗುರುತು ಹಾಕಿಟ್ಟಿದ್ದ 'ಟ್ರೈನಿಂಗ್ ಸೆಂಟರ್' ಒತ್ತಿಬಿಟ್ಟರು. ಹೋದ ವರ್ಷ ಆಫೀಸಿನ ತರಬೇತಿ ಎಂದು ಭಾವ ನಾಲ್ಕು ದಿನ ಇದೇ ಊರಿಗೆ ಬಂದಿದ್ದರಲ್ಲ, ಅಲ್ಲಿ ಯಾರನ್ನಾದರೂ ದಾರಿ ಕೇಳೋಣವೆಂದು.

"ನೀವು ಗುರಿ ತಲುಪಿದ್ದೀರಿ" ಎಂದಿತು ಡಬ್ಬಿ. ಎದುರಿಗೆ ಕೆರೆ! ದಡದಲ್ಲಿ ಮೀನಿನ ಗಾಳ ಬಾಡಿಗೆಗೆ ಕೊಡುವ ಅಂಗಡಿ. ಡಬ್ಬಿಯ ಬೆನ್ನಿಗೆ ನಿನ್ನ ಮಗಳು ಅಂಟಿಸಿದ ಗಿಳಿ ಸ್ಟಿಕ್ಕರನ್ನು ಕಾರಿನ ಗಾಜಿನಲ್ಲಿ ಕಂಡದ್ದೇ ಅಂಗಡಿಯವನು ಓಡಿ ಬಂದ.

"ಸಾಹೇಬ್ರು ಬರ್ಲಿಲ್ವಾ? ನಾಲ್ಕು ದಿನ ಹೇಳ್ಕೊಟ್ರೂ ಒಂದು ಮೀನೂ ಹಿಡೀಲಿಲ್ಲ, ಪಾಪ!"

ತರಬೇತಿ ಎಂದದ್ದು ಸುಳ್ಳಲ್ಲ ಬಿಡು.

ನನ್ನ ಕೆಮ್ಮು ಕಡಿಮೆಯಾಗಿದೆ, ಇವರ ನಗು ಇನ್ನೂ ನಿಂತಿಲ್ಲ. ಪೋಸ್ಟ್ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು.

ಭಾವ, ಇದು ಮೊದಲು ನಿಮ್ಮ ಕೈಗೇ ಸಿಗುತ್ತದೆಂದು ಗೊತ್ತು. ಧಾರಾಳವಾಗಿ ಹರಿದುಹಾಕಿ. ಇಂಥದ್ದೇ ಇನ್ನೊಂದನ್ನು ಅಕ್ಕನ ಶಾಲೆಯ ವಿಳಾಸಕ್ಕೆ ಹಾಕಿದ್ದೇನೆ.

ನಿನ್ನ ತಂಗಿ, ಅವರ ನಾದಿನಿ