ತಿರುವಿನ ಹುಲ್ಲು

ಮೇಸ್ತ್ರಿ ಅಣ್ಣನವರಿಗೆ ನಮಸ್ಕಾರ.

ರಸ್ತೆಯಂಚಿನ ಹುಲ್ಲು ಕತ್ತರಿಸುವಾಗ ಲಾರಿ ಬಡಿದು ನಮ್ಮವರು ತೀರಿಕೊಂಡ ಜಾಗವನ್ನು ನಿಮ್ಮ ತಂಡದವರು ಗೌರವಕ್ಕೆಂದು ವಾರವಾರವೂ ನುಣ್ಣಗೆ ಬೋಳಿಸುತ್ತಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆಂದು ಬಲ್ಲೆ. ಆದರೆ, "ಹೂ ಬಿಟ್ಟಿದೆ, ಜೇನು ಕೂತಿದೆ, ಬೀಜ ಉದುರೋವರೆಗೂ ಮುಟ್ಟಬೇಡ್ರೋ" ಎಂದು ನಿಮ್ಮೆಲ್ಲರ ಜೊತೆ ಜಗಳವಾಡುತ್ತಿದ್ದವರು ಅವರೇ ಅಲ್ಲವೇ? "ಹುಲ್ಲಿನ ವಕೀಲ" ಎಂದು ಹೆಸರಿಟ್ಟವರೂ ನೀವೇ.

ತಿರುವಿನಲ್ಲಿ ಗಾಡಿಯವರಿಗೆ ಎದುರು ಕಾಣುವಷ್ಟು ಮಾತ್ರ ಕತ್ತರಿಸಿ. ಅದನ್ನು ಮರೆಯಬೇಡಿ. ಉಳಿದದ್ದು ಬೆಳೆಯಲಿ. ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಹೂವನ್ನೂ ಬಿಚ್ಚಿಸಿ. ಚಿಟ್ಟೆಗಳು ಬಂದು ಸುಮ್ಮನೆ ಹಿಂದಿರುಗುತ್ತವೆ.

ನಾನು ದಿನಾ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಆ ಜಾಗ ಯಾವುದೆಂದು ಕಿಟಕಿಯಿಂದ ನನಗೆ ಗುರುತು ಸಿಗದಷ್ಟು ಬೆಳೆದರೆ ಸಾಕು.

ಇಂತಿ,
ಹುಲ್ಲಿನ ವಕೀಲರ ಹೆಂಡತಿ