ಗೋದಲಿಯ ಹಳದಿ ಸಸಿ

ವಿಜಯವಾಡ
18 ಡಿಸೆಂಬರ್ 2025, ಗುರುವಾರ

ಮೇಧಾ ಅವ್ವಾ,

ಮೊದಲು ಆಶೀರ್ವಾದ, ಆಮೇಲೆ ಕ್ಷಮೆ. ನೀನು ಹಾಸ್ಟೆಲಿಗೆ ಹೋದಾಗ ತಿಂಗಳಿಗೊಂದು ಪತ್ರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆರು ವರ್ಷಕ್ಕೆ ಇದು ಮೊದಲನೆಯದು. ಬ್ಯಾಂಕಿನವರ ಮಾತು ಹೀಗೇ ಅಂತ ನಿನ್ನ ಅಮ್ಮ ಪಕ್ಕದಲ್ಲಿ ಕೂತು ಶೇಂಗಾ ಹುರಿಯುತ್ತಾ ಹೇಳುತ್ತಿದ್ದಾಳೆ. ನಮ್ಮ ಬ್ಯಾಂಕಿನ ಕಾಮೇಶ್ವರ ರಾವು ಶನಿವಾರ ರತ್ನಾಚಲ್ ಎಕ್ಸ್‌ಪ್ರೆಸ್ಸಿಗೆ ವಿಶಾಖಪಟ್ಟಣಕ್ಕೆ ಹೊರಟಿದ್ದಾನೆ. ಶೇಂಗಾ ಚಟ್ನಿಯ ಡಬ್ಬಿಯ ಜೊತೆ ಇದನ್ನೂ ಗಾಜುವಾಕದ ನಿನ್ನ ರೂಮಿಗೆ ತಲುಪಿಸುತ್ತಾನೆ. ಕನ್ನಡ ಓದುವಾಗ ನೀನು ತೆಲುಗಿನ ತಲೆಕಟ್ಟು ಹುಡುಕುತ್ತೀಯಲ್ಲ, ಅದಕ್ಕೇ ಅಕ್ಷರಗಳನ್ನು ದುಂಡಗೆ, ದೊಡ್ಡದಾಗಿ ಬರೆಯುತ್ತಿದ್ದೇನೆ. ಅರ್ಥವಾಗದ ಕಡೆ ಅಮ್ಮನಿಗೆ ಫೋನ್ ಮಾಡಬೇಡ. ಇದು ಅವಳಿಗೂ ಗೊತ್ತಿಲ್ಲದ ಸಂಗತಿ. ನನ್ನನ್ನೇ ಕೇಳು.

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದು ಆವತ್ತಿನಿಂದ ತಲೆಯಲ್ಲೇ ಇದೆ. ನಿಮ್ಮ ಪರವಾಡದ ಕಂಪನಿಯಲ್ಲಿ ಡ್ರಮ್ಮಿಗೆ ತಪ್ಪು ಲೇಬಲ್ ಬಿದ್ದು ಮಾಲೆಲ್ಲ ಕೆಟ್ಟದ್ದು, ತಪ್ಪನ್ನು ಗುತ್ತಿಗೆ ಹೆಂಗಸು ಸೀತಾಮಹಾಲಕ್ಷ್ಮಿಯ ತಲೆಗೆ ಕಟ್ಟಿದ್ದು, ಸೋಮವಾರ ಅವಳ ವಿಚಾರಣೆ ಇರುವುದು. ಆ ಲೇಬಲ್ಲನ್ನು ನಿಮ್ಮ ಶಿಫ್ಟ್ ಸಾಹೇಬರೇ ಅಂಟಿಸಿದ್ದನ್ನು, ಸ್ಯಾಂಪಲ್ ತೆಗೆಯಲು ಹೋದ ನೀನು ಕಣ್ಣಾರೆ ನೋಡಿದ್ದು. "ಏನ್ ಮಾಡ್ಲಿ ಅಪ್ಪಾ?" ಅಂತ ಕೇಳಿದೆ. ನಾನು ಒಂದು ಉಸಿರೂ ಯೋಚಿಸದೆ ಹೇಳಿಬಿಟ್ಟೆ: "ಸುಮ್ನಿರು. ಮಾರ್ಚಿಗೆ ನಿನ್ನ ಪ್ರೊಬೇಷನ್ ಮುಗೀಲಿ. ಊರು ನಮ್ದಲ್ಲ, ಭಾಷಾ ನಮ್ದಲ್ಲ. ಊರ ಉಸಾಬರಿ ನಮಗ್ಯಾಕ?"

ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಈ ಪತ್ರ. ಫೋನಿನಲ್ಲಿ ಆಗದು, ನೀನು ನಡುವೆ ಬಾಯಿ ಹಾಕುತ್ತೀಯ, ನಾನು ವಿಷಯ ಬದಲಿಸುತ್ತೇನೆ.

ಒನ್ ಟೌನಿನ ನಮ್ಮ ಶಾಖೆಯ ಎದುರಿನ ಸಗಟು ಅಂಗಡಿಯಲ್ಲಿ ಹದಿನೈದು ದಿನದಿಂದ ಕಾಗದದ ನಕ್ಷತ್ರ ಮಾರಾಟಕ್ಕಿವೆ. ನಿನ್ನೆ ಅಂಗಡಿಯವನು ಒಂದು ಪುಟ್ಟ ಗೋದಲಿ ಮಾಡಿ ಇಟ್ಟಿದ್ದ. ಗೋದಲಿ ಎಂದರೆ ಗೊತ್ತಲ್ಲ, ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ. ಅದರ ಮುಂದೆ ಒಂದು ತಟ್ಟೆಯಲ್ಲಿ ಹಸಿರು ಸಸಿ ಬೆಳೆಸಿಟ್ಟಿದ್ದ. ಚಹಾ ಕುಡಿಯಲು ಹೋದವನು ಕುಡಿಯದೆ ವಾಪಸ್ ಬಂದೆ. ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತರೂ ಬೈಯುವುದು ಮರೆತಿತ್ತು. ಮನೆಗೆ ಬಂದಾಗ ಅಮ್ಮ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದಳು.

ಮುದಗಲ್ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಓದಿದ್ದು ಮಿಷನ್ ಶಾಲೆ ಅಂತ ಗೊತ್ತು ನಿನಗೆ. ಮೂರು ಕೋಣೆ, ಕಲ್ಲಿನ ಚಾವಣಿ, ಒಂದು ಬೇವಿನ ಮರ. ಊರಿನಲ್ಲಿ ಕ್ರೈಸ್ತರ ಮನೆ ಹತ್ತೋ ಹನ್ನೆರಡೋ. ಆದರೂ ಕ್ರಿಸ್‌ಮಸ್ ಬಂತೆಂದರೆ ಲಿಂಗಾಯತರ, ಕುರುಬರ, ಮುಸಲ್ಮಾನರ ಮಕ್ಕಳೆಲ್ಲ ಕುಣಿಯುವವರೇ. ಕರುಣಮ್ಮ ಟೀಚರ್ ಗೋಣಿಚೀಲವನ್ನು ಕೆಸರಿನಲ್ಲಿ ಅದ್ದಿ ಬೆಟ್ಟ ಮಾಡುತ್ತಿದ್ದರು. ಒಡೆದ ಕನ್ನಡಿಯ ಚೂರು ಕೆರೆ. ಗೋದಲಿಯ ದನಗಳೆಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಾಡಿ ಉಳಿಸಿಕೊಂಡಿದ್ದ ಎತ್ತುಗಳೇ. ನನ್ನ ಎತ್ತಿಗೆ ಒಂದು ಕೊಂಬು ಇರಲಿಲ್ಲ, ಆದರೂ ಯೇಸುವಿನ ತಲೆದಿಂಬಿನ ಬಳಿಯೇ ನಿಲ್ಲಿಸಬೇಕೆಂದು ಹಟ ಮಾಡಿ ಅತ್ತಿದ್ದೆ. ಬುಂದಿ ಉಂಡಿ ಕೊಡುತ್ತಿದ್ದರು. ನಿನ್ನ ಅಜ್ಜಿ "ಅಲ್ಲಿ ಏನೂ ತಿನಬ್ಯಾಡ" ಅಂದಿದ್ದರಿಂದ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದೆ.

ಗೋದಲಿಯ ಸುತ್ತ ಹೊಲ ಬೇಕಲ್ಲ. ಅದಕ್ಕೆ ಎರಡು ವಾರ ಮುಂಚೆ ಒಡೆದ ಮಡಕೆ, ತಗಡಿನ ಡಬ್ಬಿಗಳಲ್ಲಿ ಮಣ್ಣು ತುಂಬಿ ಜೋಳ ಬಿತ್ತುತ್ತಿದ್ದೆವು. ಮಕ್ಕಳಲ್ಲಿ ಒಬ್ಬನಿಗೆ ನೀರು ಹಾಕುವ ಜವಾಬ್ದಾರಿ. ಐದನೇ ಇಯತ್ತೆಯಲ್ಲಿ, 1979ರಲ್ಲಿ, ಅದು ನನ್ನ ಪಾಲಿಗೆ ಬಂತು. ಹಿಂದಿನ ಕೋಣೆಯಲ್ಲಿ ಡಬ್ಬಿಗಳ ಸಾಲು. ನೀರು ತಂದುಕೊಡುವವಳು ದಾನಮ್ಮ, ಶಾಲೆ ಗುಡಿಸುವ ಆಯಾ. ಅವಳ ಮಗಳು ಸುವಾರ್ತೆ ನನ್ನದೇ ಇಯತ್ತೆ. ಆಯಾನ ಮಗಳೆಂದು ಅವಳಿಗೆ ಫೀಜು ಮಾಫಿ. ಲೆಕ್ಕದಲ್ಲಿ ನನಗಿಂತ ಚುರುಕು, ಅದು ನನಗೆ ಆಗುತ್ತಿರಲಿಲ್ಲ.

ಈಗ ನನ್ನ ಬುದ್ಧಿವಂತಿಕೆ ಕೇಳು. ನಮ್ಮ ಮನೆಯಲ್ಲಿ ದಸರೆಗೆ ಘಟ್ಟ ಹಾಕುತ್ತಿದ್ದರು, ದೇವರ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ನೀರೆರೆಯುವುದು. ಕತ್ತಲೆ ಕೋಣೆಯಲ್ಲಿ ಬೆಳೆದ ಆ ಸಸಿ ಹಸಿರಾಗುವುದಿಲ್ಲ, ಅರಿಶಿನದ ಹಾಗೆ ಹಳದಿ. ಹಳದಿಯಾದಷ್ಟೂ ದೇವಿ ಒಲಿದಳು ಅಂತ ಅಜ್ಜಿಗೆ ಖುಷಿ. ಗಂಡಸರು ಅದನ್ನೇ ರುಮಾಲಿಗೆ ಸಿಕ್ಕಿಸಿಕೊಂಡು ಬನ್ನಿ ಕೊಡಲು ಹೋಗುತ್ತಿದ್ದರು. ದೇವರ ಸಸಿ ಅಂದಮೇಲೆ ಹಳದಿಯೇ ಇರಬೇಕು ಅಂತ ನನ್ನ ತಿಳಿವಳಿಕೆ. ಇವರ ಡಬ್ಬಿಗಳು ಕಿಟಕಿಯ ಬಿಸಿಲಿಗೆ ಹಸಿರಾಗುತ್ತಿದ್ದುದು ನೋಡಿ ಪಾಪ ಅನ್ನಿಸಿತು. ಮೊಳಕೆ ಇನ್ನೂ ಬೆರಳುದ್ದ ಇದ್ದಾಗಲೇ ಕಿಟಕಿ ಹಾಕಿ, ಮೂಲೆಯಲ್ಲಿದ್ದ ದಾನಮ್ಮನ ಕಸದ ಬುಟ್ಟಿಗಳನ್ನು ಅವುಗಳ ಮೇಲೆ ಕವುಚಿಬಿಟ್ಟೆ. ಅವಳು ಕೇಳಿದಳು:

"ಯಾಕ ಮುಚ್ಚೀದಿ ಸಂಕ್ರಪ್ಪಾ?"

"ಟೀಚರ್ ಹೇಳ್ಯಾರ."

ಹತ್ತು ವರ್ಷದ ಹುಡುಗನ ಮಾತನ್ನು ಅವಳು ನಂಬಿದಳು.

ಶಾಲೆಯ ಹಬ್ಬ ಇಪ್ಪತ್ಮೂರಕ್ಕೆ. ಊರಿಂದೂರಿಗೆ ಗೋದಲಿಗಳನ್ನು ನೋಡಿ ಬಹುಮಾನ ಕೊಡಲು ದೊಡ್ಡ ಫಾದರ್ ಬರುವವರಿದ್ದರು. ಬೆಳಗ್ಗೆ ಬುಟ್ಟಿ ಎತ್ತಿದರೆ ಎಂಥ ಹಳದಿ! ನನಗೆ ಎದೆ ಉಬ್ಬಿತು. ಕರುಣಮ್ಮ ಟೀಚರ್ ಬಾಯಿಗೆ ಸೆರಗು ಹಿಡಿದರು. ಹೆಡ್‌ಮಾಸ್ತರರು ಕಿರುಚಿದರು, "ಯಾರು ಕೊಂದವ್ರು ಇವನ್ನ?" ಆಗ ನನ್ನ ಎದೆ ಇಳಿದದ್ದು ಇಳಿದದ್ದೇ. ಅವರಿಗೆ ಆ ವರ್ಷದ ಬಹುಮಾನದ ಮೇಲೆ ಜೀವ ಇತ್ತು.

"ಈ ಬುಟ್ಟಿ ನಿನ್ನವಲ್ಲೇನು ದಾನಮ್ಮಾ?"

"ಹೌದ್ರಿ, ನನ್ನವ."

ಅಷ್ಟು ಹೇಳಿ ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ನಾನೇ ಹೇಳಲಿ ಅಂತ ಸ್ವಲ್ಪ ಹೊತ್ತು ಕಾದಳು, ಅಷ್ಟೇ. ನನ್ನ ಹೆಸರು ಅವಳು ಹೇಳಲೇ ಇಲ್ಲ. ನಾನು ನನ್ನ ಒಂದು ಕೊಂಬಿನ ಎತ್ತನ್ನು ನೋಡುತ್ತಾ ನಿಂತೆ. ಸುವಾರ್ತೆ ಮರಿಯಮ್ಮನ ಪಾತ್ರಕ್ಕೆ ನೀಲಿ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು, ಎಲ್ಲಾ ಕೇಳಿಸಿಕೊಂಡಳು.

ರಜೆ ಮುಗಿದ ಮೇಲೆ ಕಸ ಗುಡಿಸಲು ಬೇರೆ ಹೆಂಗಸು ಬಂದಳು. ಸುವಾರ್ತೆಯ ಹೆಸರನ್ನು ಟೀಚರ್ ಒಂದು ವಾರ ಕೂಗಿದರು, ಆಮೇಲೆ ಬಿಟ್ಟರು. ಅವ್ವ-ಮಗಳು ಹತ್ತಿ ಬಿಡಿಸಲು ಹೋದರು ಅಂತ ಯಾರೋ ಅಂದರು. ಆ ವರ್ಷ ಲೆಕ್ಕದಲ್ಲಿ ನಾನೇ ಮೊದಲು ಬಂದೆ. ನಡೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ನಲವತ್ತಾರು ವರ್ಷದಿಂದ ಹೇಳಿಲ್ಲ.

ಸೀತಾಮಹಾಲಕ್ಷ್ಮಿ ಯಾರೋ ನನಗೆ ಗೊತ್ತಿಲ್ಲ. ಆದರೆ ನೀನು ಹೇಳಿದೆಯಲ್ಲ, "ಕ್ಯಾಂಟೀನಿನಲ್ಲಿ ಸಿಕ್ಕರೆ ಏನೂ ಕೇಳುವುದಿಲ್ಲ ಅಪ್ಪಾ, ಬರೀ ನೋಡ್ತಾಳೆ" ಅಂತ. ಆ ನೋಟ ನನಗೆ ಗೊತ್ತು ಮಗಳೇ. ಸೋಮವಾರ ಹೋಗಿ ನೀನು ನೋಡಿದ್ದನ್ನು ನೋಡಿದ ಹಾಗೆ ಹೇಳು. ಬರವಣಿಗೆಯಲ್ಲೂ ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಇದಂತೂ ಬ್ಯಾಂಕಿನವನ ಬುದ್ಧಿ, ತಪ್ಪಲ್ಲ. ಕೆಲಸ ಖಾಯಂ ಆಗದಿದ್ದರೆ ಆಗದು. ಹಾಗೆ ಬರೆಯುವುದು ನನಗೆ ಸುಲಭ, ಅನುಭವಿಸುವವಳು ನೀನು, ಅದೂ ಗೊತ್ತು. ಭಯವಾಗುತ್ತದೆ. ನನಗೂ ಆಗುತ್ತಿದೆ. ಅಮ್ಮನಿಗೆ ನಾಳೆ ಎಲ್ಲ ಹೇಳುತ್ತೇನೆ, ಅವಳು ಬೈದರೆ ನನಗೆ ಬೈಯಲಿ.

ಚಟ್ನಿಯನ್ನು ಒದ್ದೆ ಚಮಚ ಹಾಕಿ ಕೆಡಿಸಬೇಡ ಅಂತ ಅಮ್ಮ ಹೇಳುತ್ತಿದ್ದಾಳೆ. ಕಂಪನಿ ಬಸ್ಸಿನಲ್ಲಿ ಕಿಟಕಿ ತೆಗೆದು ಕೂರಬೇಡ, ಗಾಳಿ ಚಳಿ. ದೇವರು, ನಮ್ಮವನೋ ಅವರವನೋ, ಸೋಮವಾರ ನಿನ್ನ ನಾಲಿಗೆಗೆ ಬಲ ಕೊಡಲಿ.

ನಿನ್ನ
ಅಪ್ಪ
(ಶಂಕರಪ್ಪ)

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಲಕೋಟೆ ಅಂಟಿಸುವ ಮುಂಚೆ ಸರಿ ಮಾಡುತ್ತೇನೆ. ಯಾರಿಗೂ ಹೇಳಲಿಲ್ಲ ಅಂದೆನಲ್ಲ, ಒಬ್ಬರಿಗೆ ಹೇಳಿದ್ದೆ. ಆವತ್ತು ಸಂಜೆಯೇ ನಿನ್ನ ಅಜ್ಜನಿಗೆ ಅಳುತ್ತಾ ಎಲ್ಲ ಹೇಳಿದೆ. ಬೆಳಗ್ಗೆ ಕರೆದುಕೊಂಡು ಹೋಗಿ ಹೆಡ್‌ಮಾಸ್ತರರ ಮುಂದೆ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ತಲೆ ಸವರಿ, "ಆತು ಬಿಡು. ಸುಮ್ನಿರು. ಊರ ಉಸಾಬರಿ ನಮಗ್ಯಾಕ?" ಅಂದರು. ಭಾನುವಾರ ನಿನಗೆ ಹೇಳಿದ್ದರ ಮೊದಲೂ ಕೊನೆಯೂ ಅವರ ಮಾತೇ, ಒಂದಕ್ಷರ ಬದಲಿಲ್ಲ. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಮಾತು ಕೇಳಿ ನನಗೆ ಎಷ್ಟು ಹಗುರಾಯಿತೆಂದರೆ, ಅಳು ನಿಂತು ಹಸಿವಾಯಿತು, ಎರಡು ರೊಟ್ಟಿ ಜಾಸ್ತಿಯೇ ತಿಂದೆ. ದಾನಮ್ಮನ ಬಗ್ಗೆ ಅಲ್ಲ, ಆ ರೊಟ್ಟಿಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆ. ಭಾನುವಾರ ನಾನು "ಸುಮ್ನಿರು" ಅಂದಾಗ ನೀನು ಒಂದು ಉಸಿರು ಬಿಟ್ಟು "ಸರಿ ಅಪ್ಪಾ" ಅಂದೆ. ಎಷ್ಟು ಹಗುರವಾಗಿ ಅಂದೆ ಅಂದರೆ, ಫೋನ್ ಇಟ್ಟ ಮೇಲೆ ನಾನು ಕೂತಲ್ಲೇ ಕೂತಿದ್ದೆ. ಆ ಹಗುರ ನಾನು ನಿನಗೆ ಕೊಟ್ಟದ್ದು ಮೇಧಾ. ಅದನ್ನು ನನಗೆ ವಾಪಸ್ ಕೊಟ್ಟುಬಿಡು.