ಬದಲಾವಣೆ ಇಲ್ಲ ಎಂದು ಬರೆದವಳು

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಮೌನಿ ಮಹಾರಾಯನಿಗೆ,

ಒಂಬತ್ತು ತಿಂಗಳ ಮೇಲೆ ನನ್ನ ಕೈಬರಹ ಕಂಡು ನೀನು ಬೆಚ್ಚಿಬಿದ್ದಿರಬೇಕು. ಮೊದಲೇ ಹೇಳಿಬಿಡುತ್ತೇನೆ: ಆಸ್ಪತ್ರೆಯಲ್ಲಾದ ಆ ತಪ್ಪು ನಿನ್ನದಲ್ಲ, ನನ್ನದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನೀವೆಲ್ಲ ಪ್ರೋಗ್ರಾಂ ಬರೆಯುವ ಭಾಷೆಗೆ ಹೊಸ ಆವೃತ್ತಿ ಬಂದಾಗ, ಅದರ ಒಂದೊಂದು ಫಂಕ್ಷನ್ನೂ, ಅಂದರೆ ಸಿದ್ಧ ಲೆಕ್ಕದ ತುಣುಕೂ, ಮೊದಲಿನಂತೆಯೇ ನಡೆದುಕೊಳ್ಳುತ್ತದೆಯೇ ಎಂದು ನೋಡಿ, ಒಂದೊಂದಕ್ಕೂ ಅಂತರ್ಜಾಲದಲ್ಲಿ ಒಂದು ಪುಟ ಬರೆಯುವುದು. ಇವತ್ತು ಮುಂದಿನ ಆವೃತ್ತಿಯ ಕೆಲಸಕ್ಕೆಂದು ಹಳೆಯ ಪುಟಗಳನ್ನು ತೆರೆದು ಕೂತಿದ್ದೆ. ನಮ್ಮ ಮನೆ ಮುರಿದ ಫಂಕ್ಷನ್ನಿನ ಪುಟವೂ ಬಂತು, ಭಿನ್ನರಾಶಿಯನ್ನು ಹತ್ತಿರದ ಪೂರ್ಣಸಂಖ್ಯೆ ಮಾಡಿಕೊಡುವುದು. ಎರಡೂವರೆ ಕೊಟ್ಟರೆ ಹಳೆಯ ಆವೃತ್ತಿಯಲ್ಲಿ ಅದು ಮೂರು ಎನ್ನುತ್ತಿತ್ತು, ಹೊಸದರಲ್ಲಿ ಎರಡು ಎನ್ನುತ್ತದೆ.

ಪ್ರತಿ ಪುಟದ ಹಿಂದೆ ಅದರ ಚರಿತ್ರೆ ಇರುತ್ತದೆ, ಯಾರು ಯಾವ ದಿನ ಏನು ತಿದ್ದಿದರು ಎಂದು. ಅದನ್ನು ಯಾರೂ ಓದುವುದಿಲ್ಲ. ನಾನು ಓದಿದೆ. ಹೊಸ ಆವೃತ್ತಿ ಬಂದ ದಿನ ಅಲ್ಲಿದ್ದದ್ದು 'ಬದಲಾವಣೆ ಇಲ್ಲ' ಎಂದು. ಹದಿನಾರು ದಿನ ಅದು ಹಾಗೆಯೇ ಇತ್ತು, ಆಮೇಲೆ ತಿದ್ದಲಾಗಿತ್ತು. ಎರಡೂ ಕಡೆ ನನ್ನದೇ ಹೆಸರು. ಕುರ್ಚಿ ಹಿಂದೆ ತಳ್ಳಿ ಎದ್ದುನಿಂತುಬಿಟ್ಟೆ. ಪಕ್ಕದ ಮೇಜಿನವಳು ಯಾಕ್ರೀ, ಮನೇಲಿ ಎಲ್ಲಾ ಸರಿ ಇದೆ ತಾನೇ ಎಂದು ಕೇಳಿದಳು.

ಅರ್ಥ ಬದಲಾಗುವಂಥ ತಿದ್ದುಪಡಿಯಾದರೆ ಪುಟದ ಮೇಲ್ಗಡೆ ದಿನಾಂಕ ಹಾಕಿ ಓದುಗರಿಗೆ ತಿಳಿಸಬೇಕು, ಸಣ್ಣಪುಟ್ಟದ್ದಾದರೆ ಬೇಡ. ಇದು ನಮ್ಮಲ್ಲಿನ ಪದ್ಧತಿ. ಆ ದಿನ ನಾನು ನಲವತ್ತು ಪುಟಗಳನ್ನು ಒಟ್ಟಿಗೆ ತಿದ್ದಿ, ಎಲ್ಲಕ್ಕೂ ಸೇರಿಸಿ 'ಸಣ್ಣಪುಟ್ಟ' ಎಂದು ಬರೆದು ಎದ್ದಿದ್ದೆ. ಕಂಡಕಂಡ ಫಂಕ್ಷನ್ನುಗಳ ಬದಲಾವಣೆಯನ್ನೆಲ್ಲ ಬರೆದಿಡುವವಳು ನನ್ನ ತಿದ್ದುಪಡಿಯನ್ನೇ ಸಾರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ನಂಬು, ಇಲ್ಲವೇ ಬಿಡು, ನನಗೆ ಅದು ನೆನಪೇ ಇರಲಿಲ್ಲ.

ಆ ಹದಿನಾರು ದಿನಗಳ ಒಳಗೇ ನೀನು ಅದನ್ನು ಓದಿದ್ದೆ. ಓದಿ, ಆಸ್ಪತ್ರೆಯ ಔಷಧದ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಏರಿಸಿದ್ದೆ. ಮೂರ್ಛೆರೋಗದ ಆ ಅಜ್ಜನಿಗೆ ಮೂರು ಮಾತ್ರೆಯ ಬದಲು ಎರಡೇ ಹೋಯಿತು, ನಾಲ್ಕನೇ ದಿನ ಅವರು ಹಾಸಿಗೆಯಿಂದ ಬಿದ್ದರು. ಅವರು ಬದುಕಿಕೊಂಡರು, ನಿನ್ನ ಕೆಲಸ ಉಳಿಯಲಿಲ್ಲ.

ನೀನು, 'ಪುಟ ಓದಿದ್ದೆ ಕಣೇ, ಬದಲಾವಣೆ ಇಲ್ಲ ಅಂತಾನೇ ಇತ್ತು' ಎಂದು ಮೂರು ಸಲ ಹೇಳಿದೆ. ನಾನು ಊಟದ ತಟ್ಟೆ ಸರಿಸಿ, ಕಂಪ್ಯೂಟರ್ ತಂದಿಟ್ಟು, 'ನಾನು ಬರೆದ ಪುಟ ನನಗೆ ಗೊತ್ತಿಲ್ವಾ' ಎಂದು ನಿನ್ನ ಮುಖಕ್ಕೆ ಹಿಡಿದೆ. ಅಷ್ಟರಲ್ಲಿ ಅದು ತಿದ್ದಿದ ಪುಟ. ನೀನು ತುಂಬ ಹೊತ್ತು ನೋಡಿದೆ. ಆ ಕ್ಷಣದಲ್ಲಿ ನಿನಗೇ ನಿನ್ನ ಮೇಲೆ ನಂಬಿಕೆ ಹೋಯಿತು, ಅದನ್ನು ನಾನು ಕಣ್ಣಾರೆ ಕಂಡೆ. ಗೆದ್ದೆ ಎಂದುಕೊಂಡೆ. ಅತ್ತೆ ಮಾತ್ರ, ನನ್ನ ಮಗ ಸೋಮಾರಿ ಇರಬಹುದು, ಸುಳ್ಳು ಹೇಳೋನಲ್ಲ ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ನಕ್ಕಿದ್ದೆ. ನಾಚಿಕೆಯಾಗುತ್ತಿದೆ.

ಈಗ ನಿನಗೆ ಯಾರೂ ಪ್ರೋಗ್ರಾಂ ಬರೆಯುವ ಕೆಲಸ ಕೊಡುತ್ತಿಲ್ಲವಂತೆ, ಅಂಗಡಿಗಳ ಪ್ರಿಂಟರ್ ರಿಪೇರಿ ಮಾಡಿಕೊಂಡಿದ್ದೀಯಂತೆ. ಆ ಪುಟದ ಚರಿತ್ರೆಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಇನ್ನೆರಡು ಪ್ರತಿಗಳಿಗೆ ನನ್ನ ಸಹಿ ಹಾಕಿ ನಿನ್ನ ಹಳೆಯ ಆಫೀಸಿಗೂ ಆಸ್ಪತ್ರೆಗೂ ಕಳಿಸಿದೆ. ನಮ್ಮ ಮುಖ್ಯಸ್ಥರು ಹಳೇ ವಿಷಯ ಕೆದಕಬೇಡಿ, ನಿಮ್ಮ ಕೆಲಸಕ್ಕೇ ಸಂಚಕಾರ ಬರುತ್ತೆ ಎಂದರು. ಬರಲಿ.

ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಓದಿದ್ದು ನಿಜ. ಅಷ್ಟು ತಿಳಿದುಕೋ.

ಇಂತಿ,
ನೀನೇ ಹೆಸರಿಟ್ಟ
ತಪ್ಪುಹುಡುಕಿ

ತಾ.ಕ.: ಮುಂದಿನ ಆವೃತ್ತಿಯ ಕೆಲಸಕ್ಕೆಂದು ಆ ಪುಟ ತೆರೆದೆ ಎಂದು ಮೇಲೆ ಬರೆದದ್ದು ಸುಳ್ಳು. ವಿಚ್ಛೇದನದ ಅರ್ಜಿಗೆ ನಿನ್ನ ಬೇಜವಾಬ್ದಾರಿತನದ ಒಂದು ಗಟ್ಟಿ ಪುರಾವೆ ಬೇಕು ಎಂದು ವಕೀಲರು ಕೇಳಿದ್ದರು. ಅದನ್ನು ಹುಡುಕಲೆಂದೇ ಇವತ್ತು ಬೇಗ ಬಂದು ಕೂತಿದ್ದೆ. ಆ ಸಾಲು ಬಿಟ್ಟು, ತಿದ್ದಿದ್ದು ನಿನಗೆ ಗೊತ್ತೇ ಆಗದಂತೆ ಬೇರೆ ಹಾಳೆಯಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ.